ಪದವಿ ವಿದ್ಯಾರ್ಥಿಗಳಿಗೆ ಕಾಲೇಜಿನ ನೆರವು: ಪದೇ ಪದೇ ಕೇಳುವ ಪ್ರಶ್ನೆಗಳು

ಪದವಿಗೆ ಸೇರಿದ ವಿದ್ಯಾರ್ಥಿಗಳು ಮತ್ತು ಅವರ ಮನೆಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಎಲ್ಲವನ್ನೂ ಒಟ್ಟಿಗೆ ಓದಬೇಕಿಲ್ಲ, ನಿಮಗೆ ಬೇಕಾದ ಪ್ರಶ್ನೆಗೆ ನೇರ ಹೋಗಬಹುದು. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇವೆ. ಈ ನೆರವಿನಿಂದ ಜಾಸ್ತಿ ಲಾಭ ಆಗುವುದು ಬೇಗ ಬಂದವರಿಗೆ. ತೊಂದರೆ ಕಾಣಿಸುವ ಮೊದಲೇ ಬಂದರೆ ಇನ್ನೂ ಒಳ್ಳೆಯದು.

ನೆರವು ಕಾರ್ಯಕ್ರಮ ಅಂದರೆ ಏನೇನು ಬರುತ್ತದೆ?

ಹೆಸರು ಕಾಲೇಜಿಂದ ಕಾಲೇಜಿಗೆ ಬೇರೆ ಬೇರೆ. ಒಳಗಿರುವುದು ಸುಮಾರಾಗಿ ಒಂದೇ: ಹೊಸಬರಿಗೆ ಕಾಲೇಜಿನ ಪರಿಚಯ ಮಾಡಿಕೊಡುವ ಓರಿಯೆಂಟೇಶನ್, ಕಷ್ಟದ ವಿಷಯಗಳಿಗೆ ಟ್ಯೂಟರಿಂಗ್, ಬರವಣಿಗೆಗೆ ಸಹಾಯ, ಸೀನಿಯರ್ ಅಥವಾ ಅಧ್ಯಾಪಕರೊಬ್ಬರ ಮೆಂಟರಿಂಗ್ ಅಂದರೆ ಮಾರ್ಗದರ್ಶನ, ಯಾವ ವಿಷಯ ಯಾವಾಗ ತೆಗೆದುಕೊಳ್ಳಬೇಕು ಅಂತ ಹೇಳುವ ಸಲಹೆಗಾರರು, ಮನಸ್ಸಿನ ಕಷ್ಟಕ್ಕೆ ಕೌನ್ಸೆಲರ್, ಅಂಗವಿಕಲ ವಿದ್ಯಾರ್ಥಿಗಳಿಗೆ ಬೇಕಾದ ಅನುಕೂಲ, ಹಣಕಾಸಿನ ಸಹಾಯ. ಇವೆಲ್ಲ ಒಂದೇ ಕಡೆ ಸಿಗುವ ಕಾಲೇಜುಗಳೂ ಇವೆ, ಐದಾರು ಕಚೇರಿಗೆ ಹಂಚಿಹೋಗಿರುವ ಕಾಲೇಜುಗಳೂ ಇವೆ. ಎರಡನೆಯ ಥರದ ಕಡೆ ಯಾರನ್ನು ಕೇಳಬೇಕು ಅಂತಲೇ ಗೊತ್ತಾಗುವುದಿಲ್ಲ. ಆಗ ನಿಮಗೆ ಪಾಠ ಮಾಡುವ ಅಧ್ಯಾಪಕರಲ್ಲಿ ಒಬ್ಬರನ್ನು ಕೇಳಿ. ಉತ್ತರ ಅವರ ಹತ್ತಿರ ಇಲ್ಲದಿದ್ದರೂ ಯಾರ ಹತ್ತಿರ ಹೋಗಬೇಕು ಅನ್ನುವುದು ಸಾಮಾನ್ಯವಾಗಿ ಗೊತ್ತಿರುತ್ತದೆ.

ಇದೆಲ್ಲ ಓದಿನಲ್ಲಿ ಹಿಂದೆ ಇರುವವರಿಗೆ ಅಲ್ವಾ? ನಾನು ಹೋದರೆ ಬೇರೆಯವರು ಏನಂದುಕೊಳ್ಳುತ್ತಾರೆ?

ನೆರವು ಬೇಕಿದ್ದ ಎಷ್ಟೋ ಮಕ್ಕಳನ್ನು ಬಾಗಿಲಿನ ಹೊರಗೇ ನಿಲ್ಲಿಸುವ ಪ್ರಶ್ನೆ ಇದು. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇವೆ.

1973ರಲ್ಲಿ ಅಮೆರಿಕದ ಮಿಸ್ಸೂರಿ ವಿಶ್ವವಿದ್ಯಾಲಯದ ಕಾನ್ಸಾಸ್ ಸಿಟಿ ಕ್ಯಾಂಪಸ್‌ನಲ್ಲಿ ಡಿಯಾನಾ ಮಾರ್ಟಿನ್ ಎಂಬುವರು ಒಂದು ಹೊಸ ಕ್ರಮ ಶುರು ಮಾಡಿದರು. ಅದಕ್ಕೆ ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್ ಅಂತ ಹೆಸರು. ಅಲ್ಲಿಯವರೆಗೆ ಕಾಲೇಜುಗಳು ದುರ್ಬಲ ವಿದ್ಯಾರ್ಥಿ ಯಾರು ಅಂತ ಹುಡುಕುತ್ತಿದ್ದವು. ಇವರು ಜಾಸ್ತಿ ಜನ ಫೇಲಾಗುವ ವಿಷಯ ಯಾವುದು ಅಂತ ಹುಡುಕಿದರು. ಆ ವಿಷಯ ತೆಗೆದುಕೊಂಡ ಎಲ್ಲರಿಗೂ ವಾರವಾರ ಗುಂಪು ಪಾಠ ಇಟ್ಟರು. ಇಷ್ಟವಿದ್ದವರು ಬರಬಹುದು. ನಡೆಸುವವರು ಅದೇ ವಿಷಯವನ್ನು ಹಿಂದೆ ಚೆನ್ನಾಗಿ ಪಾಸು ಮಾಡಿದ ವಿದ್ಯಾರ್ಥಿ. ಅವರು ಮತ್ತೊಮ್ಮೆ ಕ್ಲಾಸಿನಲ್ಲಿ ಕೂತು ಪಾಠ ಕೇಳಿ, ಆಮೇಲೆ ಗುಂಪು ನಡೆಸುತ್ತಾರೆ. ವಿಷಯವೇ ಕಷ್ಟದ್ದು ಅಂತ ಎಲ್ಲರಿಗೂ ಗೊತ್ತಿರುವಾಗ, ಅಲ್ಲಿಗೆ ಬರುವವರ ಹಣೆಗೆ ಯಾವ ಪಟ್ಟಿಯೂ ಅಂಟುವುದಿಲ್ಲ. ಈ ಕ್ರಮ ಈಗ ಬೇರೆ ಬೇರೆ ದೇಶಗಳಿಗೆ ಹರಡಿದೆ.

ಇನ್ನೊಂದು ಉದಾಹರಣೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಯೂರಿ ಟ್ರೈಸ್‌ಮನ್ ಎಂಬ ಗಣಿತಜ್ಞರಿಗೆ ಒಂದು ವಿಷಯ ಕಾಡುತ್ತಿತ್ತು. ಕ್ಯಾಲ್ಕುಲಸ್‌ನಲ್ಲಿ ಕಪ್ಪು ವಿದ್ಯಾರ್ಥಿಗಳು ಏಕೆ ಇಷ್ಟು ಸೋಲುತ್ತಿದ್ದಾರೆ? ಆಸಕ್ತಿ ಕಡಿಮೆ, ತಯಾರಿ ಕಡಿಮೆ, ಮನೆಯವರ ಒತ್ತಾಸೆ ಕಡಿಮೆ ಅಂತೆಲ್ಲ ಜನ ಹೇಳುತ್ತಿದ್ದರು. ಟ್ರೈಸ್‌ಮನ್ ವಿದ್ಯಾರ್ಥಿಗಳ ಜೊತೆಗೇ ಇದ್ದು ಅವರು ಓದುವುದನ್ನು ನೋಡಿದರು. ಚೀನಾ ಮೂಲದ ವಿದ್ಯಾರ್ಥಿಗಳು ಒಬ್ಬೊಬ್ಬರೇ ಓದಿ, ಆಮೇಲೆ ಒಟ್ಟಿಗೆ ಕೂತು ಒಬ್ಬರ ಲೆಕ್ಕವನ್ನು ಇನ್ನೊಬ್ಬರು ತಿದ್ದುತ್ತಿದ್ದರು. ಕಪ್ಪು ವಿದ್ಯಾರ್ಥಿಗಳು ಶ್ರಮಪಟ್ಟು ಓದುತ್ತಿದ್ದರು, ಆದರೆ ಹೆಚ್ಚಿನವರು ಒಂಟಿಯಾಗಿ. ಎಲ್ಲಿ ಎಡವುತ್ತಿದ್ದೇವೆ ಅಂತ ಅವರಿಗೆ ಹೇಳುವವರೇ ಇರಲಿಲ್ಲ. ಟ್ರೈಸ್‌ಮನ್ ಈ ವಿದ್ಯಾರ್ಥಿಗಳಿಗೆ ಸುಲಭದ ಪಾಠ ಮಾಡಲಿಲ್ಲ. ಕ್ಲಾಸಿಗಿಂತ ಕಷ್ಟದ ಲೆಕ್ಕಗಳನ್ನು ಕೊಟ್ಟು ಗುಂಪಿನಲ್ಲಿ ಬಿಡಿಸಲು ಕೂರಿಸಿದರು. ಫಲಿತಾಂಶ ಎದ್ದು ಕಾಣುವಷ್ಟು ಬದಲಾಯಿತು.

ನಮಗೆ ಇದರಲ್ಲಿ ತುಂಬ ಮುಖ್ಯ ಅನಿಸುವುದು ಆ ಕಷ್ಟದ ಲೆಕ್ಕಗಳು. ಒಳ್ಳೆಯ ನೆರವು ನಿಮ್ಮನ್ನು ಕೆಳಗಿನ ಮೆಟ್ಟಿಲಿಗೆ ಇಳಿಸುವುದಿಲ್ಲ. ನೀವು ಮೇಲೆ ಹತ್ತಬಲ್ಲಿರಿ ಅಂತ ನಂಬಿ ಜೊತೆಗೆ ನಿಲ್ಲುತ್ತದೆ. ಹಾಗಾಗಿ ಚೆನ್ನಾಗಿ ಓದುವವರೂ ಬನ್ನಿ. ನೀವು ಬಂದಷ್ಟೂ ಬೇರೆಯವರ ಸಂಕೋಚ ಕಡಿಮೆಯಾಗುತ್ತದೆ.

ಓರಿಯೆಂಟೇಶನ್ ತಪ್ಪಿಸಿಕೊಂಡರೆ ನಷ್ಟವಿದೆಯಾ?

ಇದೆ. ಭಾಷಣಗಳನ್ನು ಮರೆತರೂ ಪರವಾಗಿಲ್ಲ. ಆದರೆ ಪಕ್ಕದಲ್ಲಿ ಕೂತವರ ಪರಿಚಯ ಆಗುವುದು ಆ ಮೊದಲ ವಾರದಲ್ಲೇ. ನಾಲ್ಕನೇ ವಾರದ ಹೊತ್ತಿಗೆ ಗುಂಪುಗಳು ಕಟ್ಟಿಕೊಂಡಿರುತ್ತವೆ. ಆಮೇಲೆ ಒಳಗೆ ಹೋಗಬಹುದು, ಆದರೆ ಧೈರ್ಯ ಜಾಸ್ತಿ ಬೇಕು. ಹೊಸಬರನ್ನು ಒಂದು ವಾರದಲ್ಲಿ ಸಿದ್ಧ ಮಾಡಲು ಆಗುವುದಿಲ್ಲ ಅಂತ ಕಂಡುಕೊಂಡ ಕಾಲೇಜುಗಳು ಇದನ್ನೇ ಒಂದು ಸೆಮಿಸ್ಟರ್‌ನ ಕೋರ್ಸ್ ಮಾಡಿವೆ. ಅಮೆರಿಕದ ಸೌತ್ ಕ್ಯಾರೊಲಿನಾ ವಿಶ್ವವಿದ್ಯಾಲಯ 1972ರಲ್ಲಿ ಶುರು ಮಾಡಿದ ‘ಯೂನಿವರ್ಸಿಟಿ 101’ ಅಂಥದ್ದು. ಅದನ್ನು ನೋಡಿ ಬೇರೆ ಎಷ್ಟೋ ಕಡೆ ಇಂಥ ಕೋರ್ಸ್‌ಗಳು ಬಂದವು. ನಿಮ್ಮಲ್ಲಿ ಅಂಥ ಕೋರ್ಸ್ ಇದ್ದರೆ ‘ಇದಕ್ಕೆ ಮಾರ್ಕ್ಸ್ ಇಲ್ಲ’ ಅಂತ ಬಿಡಬೇಡಿ.

ಟ್ಯೂಟರ್ ಹತ್ತಿರ ಹೋದರೆ ಅಸೈನ್‌ಮೆಂಟ್ ಮಾಡಿಕೊಡುತ್ತಾರಾ?

ಇಲ್ಲ. ಮಾಡಿಕೊಡುವವರು ಸಿಕ್ಕಿದರೆ ಅವರು ಒಳ್ಳೆಯ ಟ್ಯೂಟರ್ ಅಲ್ಲ. ಒಳ್ಳೆಯ ಟ್ಯೂಟರ್ ನಿಮ್ಮನ್ನೇ ಪ್ರಶ್ನೆ ಕೇಳುತ್ತಾರೆ: ಇಲ್ಲಿವರೆಗೆ ಹೇಗೆ ಬಂದಿರಿ, ಈ ಹೆಜ್ಜೆ ಏಕೆ ಇಟ್ಟಿರಿ, ಮುಂದೇನು ಅನಿಸುತ್ತದೆ? ಮೊದಮೊದಲು ಕಿರಿಕಿರಿ ಆಗುತ್ತದೆ. ಉತ್ತರ ಗೊತ್ತಿದ್ದೂ ಹೇಳುತ್ತಿಲ್ಲವಲ್ಲ ಅನಿಸುತ್ತದೆ. ಆದರೆ ಪರೀಕ್ಷೆಯಲ್ಲಿ ಬರೆಯುವವರು ನೀವೇ ಅಲ್ವಾ?

ಬರವಣಿಗೆಯ ಸಹಾಯವೂ ಹೀಗೆಯೇ. ನಿಮ್ಮ ಪ್ರಬಂಧದ ಕಾಗುಣಿತ ತಿದ್ದಿ ಕೈಗೆ ಕೊಡುವುದಿಲ್ಲ. ನೀವು ಏನು ಹೇಳಲು ಹೊರಟಿದ್ದೀರಿ, ಅದು ಓದುವವರಿಗೆ ತಲುಪುತ್ತಿದೆಯಾ ಅಂತ ಕೂತು ನೋಡುತ್ತಾರೆ.

ಅಧ್ಯಾಪಕರೇ ಇರುವಾಗ ಸೀನಿಯರ್ ಏಕೆ ಬೇಕು?

ಇಬ್ಬರೂ ಬೇಕು. ಅಧ್ಯಾಪಕರಿಗೆ ವಿಷಯ ಆಳವಾಗಿ ಗೊತ್ತು. ಆದರೆ ಆ ವಿಷಯ ಅರ್ಥವಾಗದೆ ಇರುವುದು ಹೇಗಿರುತ್ತದೆ ಅನ್ನುವುದು ಎಷ್ಟೋ ವರ್ಷದ ಹಿಂದೆಯೇ ಅವರಿಗೆ ಮರೆತುಹೋಗಿರುತ್ತದೆ. ಎರಡನೇ ಅಥವಾ ಮೂರನೇ ವರ್ಷದ ವಿದ್ಯಾರ್ಥಿಗೆ ಅದು ನೆನಪಿರುತ್ತದೆ. ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ, ಯಾವ ಪದ ಗೊಂದಲ ಮಾಡುತ್ತದೆ, ಎಲ್ಲ ಗೊತ್ತಿರುತ್ತದೆ. ಜೊತೆಗೆ ಅಧ್ಯಾಪಕರ ಮುಂದೆ ಕೇಳಲು ನಾಚಿಕೆಯಾಗುವ ಪ್ರಶ್ನೆಯನ್ನು ಸೀನಿಯರ್ ಮುಂದೆ ಸುಮ್ನೆ ಕೇಳಿಬಿಡಬಹುದು.

ಮೊದಲ ಸಲ ಹೋಗುವಾಗ ಏನು ತೆಗೆದುಕೊಂಡು ಹೋಗಬೇಕು?

ನೋಟ್ಸ್, ಸಿಲಬಸ್, ನೀವು ಪ್ರಯತ್ನಿಸಿದ ಒಂದು ಲೆಕ್ಕ ಅಥವಾ ಬರೆದ ಒಂದು ಪುಟ. ತಪ್ಪಾಗಿದ್ದರೂ ಇರಲಿ, ತಪ್ಪಿರುವ ಪುಟವೇ ಜಾಸ್ತಿ ಉಪಯೋಗ. ‘ನನಗೆ ಏನೂ ಅರ್ಥ ಆಗುತ್ತಿಲ್ಲ’ ಅಂದರೆ ಎಲ್ಲಿಂದ ಶುರು ಮಾಡಬೇಕು ಅಂತ ಅವರಿಗೂ ತಿಳಿಯುವುದಿಲ್ಲ. ‘ಮೂರನೇ ಸಾಲಿನವರೆಗೆ ಬಂತು, ನಾಲ್ಕನೆಯದು ಎಲ್ಲಿಂದ ಬಂತು ಅಂತ ಗೊತ್ತಾಗಲಿಲ್ಲ’ ಅಂದರೆ ಹತ್ತು ನಿಮಿಷದ ಕೆಲಸ.

ಗಂಟೆಗಟ್ಟಲೆ ಓದುತ್ತೇನೆ. ಆದರೂ ಮಾರ್ಕ್ಸ್ ಬರುತ್ತಿಲ್ಲ. ನನ್ನ ತಲೆಯೇ ಇಷ್ಟಾ?

ನಿಮ್ಮ ತಲೆ ಚೆನ್ನಾಗಿಯೇ ಇದೆ. ಓದುವ ರೀತಿಯನ್ನು ಒಮ್ಮೆ ನೋಡೋಣ.

ಹೆಚ್ಚಿನವರು ಮಾಡುವುದು ಇಷ್ಟು: ಪುಟ ತೆರೆದು ಓದುವುದು, ಗೆರೆ ಎಳೆಯುವುದು, ಮತ್ತೆ ಓದುವುದು. ಎರಡನೇ ಸಲ ಓದುವಾಗ ಎಲ್ಲ ಪರಿಚಿತ ಅನಿಸುತ್ತದೆ. ಆ ಪರಿಚಯವನ್ನೇ ‘ಗೊತ್ತು’ ಅಂತ ತಿಳಿದುಕೊಳ್ಳುತ್ತೇವೆ. ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಒಂದು ಗುಂಪು ಪಾಠವನ್ನು ಮತ್ತೆ ಓದಿತು. ಇನ್ನೊಂದು ಗುಂಪು ಪಾಠವನ್ನು ಮುಚ್ಚಿಟ್ಟು ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ತಿರುಗುಮುರುಗು: ಮುಚ್ಚಿಟ್ಟು ಬರೆದವರಿಗೆ ಜಾಸ್ತಿ ನೆನಪಿತ್ತು. ಪರೀಕ್ಷೆ ಐದು ನಿಮಿಷಕ್ಕೆ ಬರುವುದಿಲ್ಲ.

ಆದ್ದರಿಂದ ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ಬರೆಯಿರಿ. ಬಾರದಿದ್ದದ್ದನ್ನು ತೆರೆದು ನೋಡಿ. ಎರಡು ದಿನ ಬಿಟ್ಟು ಮತ್ತೆ ಅದನ್ನೇ ಮಾಡಿ. ಒಂದೇ ರಾತ್ರಿ ಆರು ಗಂಟೆ ಕೂರುವುದಕ್ಕಿಂತ ಆರು ದಿನ ಒಂದೊಂದು ಗಂಟೆ ಕೂರುವುದು ಒಳ್ಳೆಯದು. ಹೀಗೆ ಓದುವಾಗ ‘ನನಗೇನೂ ಬರುವುದಿಲ್ಲ’ ಅನಿಸುತ್ತದೆ, ಏಕೆಂದರೆ ಮರೆತದ್ದು ಕಣ್ಣಿಗೆ ಕಾಣುತ್ತದೆ. ಆ ಕಷ್ಟ ಕಲಿಕೆಯ ಭಾಗವೇ. ನೆರವು ಕೇಂದ್ರಗಳಲ್ಲಿ ಓದುವ ಕೌಶಲದ ಕಾರ್ಯಾಗಾರ ಅಂತ ಮಾಡುವುದು ಹೆಚ್ಚುಕಡಿಮೆ ಇದನ್ನೇ. ಒಂದು ಸಲ ಹೋಗಿ ಬನ್ನಿ.

ಇಲ್ಲಿ ಎಲ್ಲರೂ ಆರಾಮಾಗಿದ್ದಾರೆ, ನಾನೊಬ್ಬನೇ ಹೊರಗಿನವನು ಅನಿಸುತ್ತದೆ. ಇದಕ್ಕೂ ನೆರವಿದೆಯಾ?

ಇದೆ. ಓದಿನ ನೆರವಿನಷ್ಟೇ ಇದೂ ಮುಖ್ಯ ಅಂತ ನಾವು ಗಟ್ಟಿಯಾಗಿ ನಂಬುತ್ತೇವೆ.

ಮೊದಲ ವರ್ಷದಲ್ಲಿ ಈ ಅನಿಸಿಕೆ ತುಂಬ ಜನರಿಗೆ ಇರುತ್ತದೆ. ಯಾರೂ ಹೇಳಿಕೊಳ್ಳುವುದಿಲ್ಲ, ಅಷ್ಟೇ. ಹಾಗಾಗಿ ಪ್ರತಿಯೊಬ್ಬರಿಗೂ ತಾನೊಬ್ಬನೇ ಅನಿಸುತ್ತದೆ. ಒಂದು ಕ್ಲಾಸಿನಲ್ಲಿ ಉತ್ತರ ಬಾರದೆ ಹೋದರೆ, ಒಂದು ಮಧ್ಯಾಹ್ನ ಊಟಕ್ಕೆ ಜೊತೆ ಸಿಗದಿದ್ದರೆ, ‘ನೋಡು, ಇದು ನನಗಲ್ಲ’ ಅಂತ ಮನಸ್ಸು ತೀರ್ಮಾನ ಮಾಡಿಬಿಡುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಗ್ರೆಗರಿ ವಾಲ್ಟನ್ ಮತ್ತು ಜೆಫ್ರಿ ಕೋಹೆನ್ 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಸೀನಿಯರ್‌ಗಳ ಅನುಭವ ಓದಲು ಕೊಟ್ಟರು. ನಮಗೂ ಶುರುವಿನಲ್ಲಿ ಹೊರಗಿನವರು ಅನಿಸಿತ್ತು, ಕಾಲ ಕಳೆದಂತೆ ಸರಿಹೋಯಿತು ಅನ್ನುವುದು ಅದರ ಸಾರ. ಆಮೇಲೆ ವಿದ್ಯಾರ್ಥಿಗಳು ತಮ್ಮದೇ ಅನುಭವ ಬರೆದು, ಮುಂದೆ ಬರುವ ಹೊಸಬರಿಗಾಗಿ ಕ್ಯಾಮೆರಾ ಮುಂದೆ ಹೇಳಿದರು. ಎಲ್ಲ ಸೇರಿ ಒಂದು ಗಂಟೆಯ ಕೆಲಸ. ಕಪ್ಪು ವಿದ್ಯಾರ್ಥಿಗಳ ಅಂಕಗಳು ಮುಂದಿನ ಮೂರು ವರ್ಷ ಏರುತ್ತಾ ಹೋದವು, ಬಿಳಿಯ ವಿದ್ಯಾರ್ಥಿಗಳ ಜೊತೆಗಿನ ಅಂತರ ಅರ್ಧಕ್ಕೆ ಇಳಿಯಿತು. ಒಂದು ಗಂಟೆ ಎಲ್ಲವನ್ನೂ ಸರಿ ಮಾಡುತ್ತದೆ ಅಂತ ನಾವು ಹೇಳುವುದಿಲ್ಲ. ಕಾಲೇಜು ನಿಜವಾಗಿಯೇ ಕೆಲವರನ್ನು ದೂರ ಇಟ್ಟರೆ ಯಾವ ಬರಹವೂ ಸಾಲದು. ಆದರೆ ‘ಇದು ಎಲ್ಲರಿಗೂ ಆಗುತ್ತದೆ, ಕಳೆಯುತ್ತದೆ’ ಅನ್ನುವುದನ್ನು ಸರಿಯಾದ ಹೊತ್ತಿಗೆ ಕೇಳಿಸಿಕೊಂಡರೆ ಎಷ್ಟು ವ್ಯತ್ಯಾಸ ಆಗುತ್ತದೆ ನೋಡಿ.

ಈಗಲೇ ಮಾಡಬಹುದಾದ್ದು: ಒಬ್ಬ ಸೀನಿಯರ್‌ನ ಹತ್ತಿರ ಅವರ ಮೊದಲ ಸೆಮಿಸ್ಟರ್ ಹೇಗಿತ್ತು ಅಂತ ಕೇಳಿ.

ಸ್ನೇಹಿತರು, ಕ್ಲಬ್ಬು ಅಂತ ಹೋದರೆ ಓದು ಹಾಳಾಗುವುದಿಲ್ಲವಾ?

ಮಿತಿ ಮೀರಿದರೆ ಹಾಳಾಗುತ್ತದೆ. ಒಂದೂ ಇಲ್ಲದಿದ್ದರೂ ಹಾಳಾಗಬಹುದು. ವಿದ್ಯಾರ್ಥಿಗಳು ಕಾಲೇಜು ಏಕೆ ಬಿಡುತ್ತಾರೆ ಅಂತ ಅಮೆರಿಕದ ಸಮಾಜಶಾಸ್ತ್ರಜ್ಞ ವಿನ್ಸೆಂಟ್ ಟಿಂಟೊ 1975ರಲ್ಲಿ ಬರೆದ ಲೇಖನ ಈ ಕ್ಷೇತ್ರದಲ್ಲಿ ಈಗಲೂ ಚರ್ಚೆಯಾಗುತ್ತದೆ. ಓದಿನಲ್ಲಿ ಬೆರೆಯುವುದು, ಜನರ ಜೊತೆ ಬೆರೆಯುವುದು, ಎರಡೂ ಸೇರಿ ವಿದ್ಯಾರ್ಥಿಯನ್ನು ಕಾಲೇಜಿನಲ್ಲಿ ಉಳಿಸುತ್ತವೆ ಅಂತ ಅವರು ಹೇಳಿದರು. ಆಮೇಲೆ ಇದಕ್ಕೆ ಟೀಕೆಗಳೂ ಬಂದವು. ಬೆರೆಯುವ ಭಾರವನ್ನೆಲ್ಲ ವಿದ್ಯಾರ್ಥಿಯ ಮೇಲೆ ಹಾಕಿದರೆ ಹೇಗೆ, ಕಾಲೇಜೂ ಬದಲಾಗಬೇಕಲ್ಲ ಅನ್ನುವುದು ಒಂದು ಟೀಕೆ. ಅದು ಸರಿಯಾದ ಮಾತು.

ಒಂದು ಕ್ಲಬ್ ಸಾಕು. ವಾರಕ್ಕೊಮ್ಮೆ ನಿಮಗಾಗಿ ಕಾಯುವ ನಾಲ್ಕು ಜನ ಇದ್ದರೆ ಸಾಕು.

ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗಳು ನಾನು. ಯಾರನ್ನು ಏನು ಕೇಳಬೇಕು ಅಂತಲೂ ಗೊತ್ತಿಲ್ಲ.

ನಿಮ್ಮಂಥವರಿಗಾಗಿಯೇ ಎಷ್ಟೋ ಕಾರ್ಯಕ್ರಮ ಹುಟ್ಟಿಕೊಂಡಿವೆ. ಅಮೆರಿಕದಲ್ಲಿ 1960ರ ದಶಕದಿಂದ ನಡೆಯುತ್ತಿರುವ ‘ಟ್ರಿಯೊ’ ಸರ್ಕಾರಿ ಕಾರ್ಯಕ್ರಮಗಳಲ್ಲಿ ಒಂದು, ಕಡಿಮೆ ಆದಾಯದ ಮನೆಯವರಿಗೆ, ಮೊದಲ ತಲೆಮಾರಿನ ವಿದ್ಯಾರ್ಥಿಗಳಿಗೆ, ಅಂಗವಿಕಲರಿಗೆ ಪದವಿ ಮುಗಿಸಲು ನೆರವಾಗುತ್ತದೆ.

ಕಾಲೇಜಿನಲ್ಲಿ ಯಾರೂ ಬರೆದು ಅಂಟಿಸದ ನಿಯಮಗಳು ಬಹಳ. ಅಧ್ಯಾಪಕರ ಕೋಣೆಗೆ ಸುಮ್ನೆ ಹೋಗಿ ಪ್ರಶ್ನೆ ಕೇಳಬಹುದು. ಹುಷಾರಿಲ್ಲದಿದ್ದರೆ ಕೊನೆಯ ದಿನಾಂಕಕ್ಕಿಂತ ಮೊದಲೇ ಹೇಳಿ ಸಮಯ ಕೇಳಬಹುದು. ಆಯ್ದ ವಿಷಯ ಹೊಂದದಿದ್ದರೆ ಬದಲಿಸಲು ಒಂದು ಗಡುವು ಇರುತ್ತದೆ. ಶಿಫಾರಸು ಪತ್ರ ಬೇಕಾದರೆ ಬರೆಯುವವರಿಗೆ ಕೆಲವು ವಾರ ಮೊದಲೇ ಹೇಳಬೇಕು. ಅಪ್ಪ ಅಮ್ಮ ಕಾಲೇಜಿಗೆ ಹೋಗಿದ್ದವರಿಗೆ ಇದೆಲ್ಲ ಮಾತಿನ ನಡುವೆ ಕಿವಿಗೆ ಬಿದ್ದಿರುತ್ತದೆ. ನಿಮಗೆ ಬಿದ್ದಿಲ್ಲ, ಅಷ್ಟೇ ವ್ಯತ್ಯಾಸ. ಇದಕ್ಕೂ ಬುದ್ಧಿವಂತಿಕೆಗೂ ಸಂಬಂಧವೇ ಇಲ್ಲ. ಮೆಂಟರ್ ಸಿಕ್ಕಿದ ಮೊದಲ ದಿನವೇ ‘ಎಲ್ಲರಿಗೂ ಗೊತ್ತಿದ್ದು ನನಗೆ ಗೊತ್ತಿಲ್ಲದೇ ಇರಬಹುದಾದ್ದು ಏನೇನಿದೆ?’ ಅಂತ ಕೇಳಿ. ತುಂಬ ಒಳ್ಳೆಯ ಪ್ರಶ್ನೆ ಅದು.

ಕೌನ್ಸೆಲರ್‌ಗೆ ಹೇಳಿದ್ದು ಮನೆಗೆ, ಅಧ್ಯಾಪಕರಿಗೆ ಗೊತ್ತಾಗುತ್ತದಾ?

ಸಾಮಾನ್ಯವಾಗಿ ಇಲ್ಲ. ನಿಮ್ಮ ಮಾತು ಅವರಲ್ಲೇ ಉಳಿಯುತ್ತದೆ. ನಿಮ್ಮ ಅಥವಾ ಬೇರೆಯವರ ಜೀವಕ್ಕೆ ಅಪಾಯವಿದ್ದರೆ ಮಾತ್ರ ಬೇರೆಯವರಿಗೆ ತಿಳಿಸಬೇಕಾಗಬಹುದು. ವಯಸ್ಸು, ಕಾನೂನಿಗೆ ತಕ್ಕಂತೆ ನಿಯಮ ಸ್ವಲ್ಪ ಬದಲಾಗುತ್ತದೆ. ಆದ್ದರಿಂದ ಮೊದಲ ಭೇಟಿಯಲ್ಲೇ ‘ಇದು ಯಾರಿಗೆಲ್ಲ ಹೋಗುತ್ತದೆ?’ ಅಂತ ನೇರವಾಗಿ ಕೇಳಿ. ಕೇಳಿದ್ದಕ್ಕೆ ಅವರು ಬೇಸರಪಡುವುದಿಲ್ಲ.

ಬದುಕುವುದೇ ಬೇಡ ಅನಿಸುತ್ತಿದ್ದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಈಗಲೇ ನಿಮ್ಮ ದೇಶದ ತುರ್ತು ಸಹಾಯವಾಣಿಗೆ ಕರೆ ಮಾಡಿ, ಇಲ್ಲವೇ ಹತ್ತಿರ ಇರುವ ಒಬ್ಬರಿಗೆ ಹೇಳಿ ಅವರ ಜೊತೆಯಲ್ಲೇ ಇರಿ.

ನನಗೆ ಕಲಿಕೆಯ ತೊಂದರೆ ಇದೆ. ಹೇಳಿಕೊಳ್ಳಬೇಕಾ?

ಹೇಳಿಕೊಂಡರೆ ಮಾತ್ರ ಅನುಕೂಲ ಸಿಗುತ್ತದೆ. ಪರೀಕ್ಷೆಯಲ್ಲಿ ಹೆಚ್ಚು ಸಮಯ, ಗಲಾಟೆಯಿಲ್ಲದ ಕೋಣೆ, ಬರೆಯಲು ಸಹಾಯಕರು, ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಹೊಂದುವ ಪಠ್ಯ, ಇಂಥವು. ದಾಖಲೆ ಕೇಳುತ್ತಾರೆ, ಅನುಮತಿಗೆ ವಾರಗಳು ಹಿಡಿಯುತ್ತವೆ. ಸೆಮಿಸ್ಟರ್ ಶುರುವಾಗುವಾಗಲೇ ಅರ್ಜಿ ಹಾಕಿ. ಇದು ಬೇರೆಯವರಿಗಿಂತ ಮುಂದೆ ಹೋಗಲು ಕೊಡುವ ರಿಯಾಯಿತಿ ಅಲ್ಲ. ನಿಮಗೆ ಗೊತ್ತಿರುವುದನ್ನು ನೀವು ತೋರಿಸಲು ಬೇಕಾದ ಜಾಗ.

ಓದು ಬಿಡುವಂತೆ ಮಾಡುತ್ತಿರುವುದು ಹಣದ ಕಷ್ಟ. ಟ್ಯೂಟರ್ ಕೊಟ್ಟರೆ ಏನು ಪ್ರಯೋಜನ?

ನಿಮ್ಮ ಮಾತು ನಿಜ. ಬಸ್ಸಿಗೆ ಹಣವಿಲ್ಲದವರಿಗೆ ಟ್ಯೂಟರಿಂಗ್ ಸಮಯದ ಪಟ್ಟಿ ಕೊಟ್ಟರೆ ಅವರು ಬರುವುದಾದರೂ ಹೇಗೆ? ನ್ಯೂಯಾರ್ಕ್ ನಗರದ ಸಾರ್ವಜನಿಕ ವಿಶ್ವವಿದ್ಯಾಲಯ, ಅಂದರೆ ಕ್ಯೂನಿ, 2007ರಲ್ಲಿ ತನ್ನ ಸಮುದಾಯ ಕಾಲೇಜುಗಳಲ್ಲಿ, ಅಂದರೆ ಎರಡು ವರ್ಷದ ಪದವಿ ಕೊಡುವ ಕಾಲೇಜುಗಳಲ್ಲಿ, ‘ಎಸಾಪ್’ ಎಂಬ ಕಾರ್ಯಕ್ರಮ ಶುರು ಮಾಡಿತು. ಎಲ್ಲವನ್ನೂ ಒಟ್ಟಿಗೆ ಕೊಟ್ಟರು: ಶುಲ್ಕದಲ್ಲಿ ಉಳಿದ ಕೊರತೆ ತುಂಬುವುದು, ಪ್ರಯಾಣದ ಪಾಸ್, ಪಠ್ಯಪುಸ್ತಕ, ಟ್ಯೂಟರಿಂಗ್, ಮತ್ತು ಕಡಿಮೆ ವಿದ್ಯಾರ್ಥಿಗಳ ಹೊಣೆ ಹೊತ್ತು ಆಗಾಗ ಭೇಟಿಯಾಗುವ ಸಲಹೆಗಾರರು. ಬದಲಿಗೆ ವಿದ್ಯಾರ್ಥಿಗಳು ಪೂರ್ಣ ಅವಧಿಗೆ ಓದಬೇಕು. ಲಾಟರಿ ಎತ್ತಿದಂತೆ ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ ಇದನ್ನು ಪರೀಕ್ಷಿಸಿದರು. ಮೂರು ವರ್ಷದಲ್ಲಿ ಪದವಿ ಮುಗಿಸಿದವರು ಕಾರ್ಯಕ್ರಮದಲ್ಲಿ ಇದ್ದವರಲ್ಲಿ 40%, ಇಲ್ಲದವರಲ್ಲಿ 22%. ಇಷ್ಟು ದೊಡ್ಡ ವ್ಯತ್ಯಾಸ ಈ ಕ್ಷೇತ್ರದಲ್ಲಿ ಅಪರೂಪ. ಕಾಲೇಜು ನಡೆಸುವವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಗಮನಿಸಿ. ಒಂದೊಂದನ್ನೇ ಚೂರುಚೂರಾಗಿ ಕೊಡುವುದಕ್ಕೂ ಒಟ್ಟಿಗೆ ಕೊಡುವುದಕ್ಕೂ ಬಹಳ ವ್ಯತ್ಯಾಸವಿದೆ.

ವಿದ್ಯಾರ್ಥಿಗಳಿಗೆ ಹೇಳುವುದು: ಶುಲ್ಕ ಕಟ್ಟಲು ಆಗದಿದ್ದರೆ ಗಡುವು ಮುಗಿಯುವ ಮೊದಲು ಹಣಕಾಸು ವಿಭಾಗಕ್ಕೆ ಹೋಗಿ. ಕಂತು, ತುರ್ತು ನಿಧಿ, ವಿದ್ಯಾರ್ಥಿವೇತನ, ಇವುಗಳಲ್ಲಿ ಯಾವುದು ಇದೆ ಅಂತ ಒಂದೊಂದಾಗಿ ಹೆಸರು ಹಿಡಿದು ಕೇಳಿ.

ಕೆಲಸ ಮಾಡುತ್ತಾ ಓದುತ್ತೇನೆ. ಇದಕ್ಕೆಲ್ಲ ಸಮಯ ಎಲ್ಲಿದೆ?

ಸಂಜೆ ಅಥವಾ ಆನ್‌ಲೈನ್ ಅವಧಿ ಇದೆಯಾ ಕೇಳಿ. ಇಲ್ಲದಿದ್ದರೆ ಬೇಕು ಅಂತ ಬರೆದುಕೊಡಿ. ಎಲ್ಲದಕ್ಕೂ ಹೋಗಲು ಆಗದಿದ್ದರೆ ಅತಿ ಕಷ್ಟದ ಒಂದು ವಿಷಯಕ್ಕೆ ಮಾತ್ರ ಹೋಗಿ.

ಒಂದು ವಿಷಯದಲ್ಲಿ ಫೇಲಾಗಿದ್ದೇನೆ. ಈಗ ಬಂದರೆ ತಡವಾಯಿತಾ?

ಇಲ್ಲ, ಬನ್ನಿ. ಮೊದಲು ಉತ್ತರಪತ್ರಿಕೆ ನೋಡಲು ಸಿಗುತ್ತದಾ ವಿಚಾರಿಸಿ. ವಿಷಯ ಗೊತ್ತಿರಲಿಲ್ಲವಾ, ಗೊತ್ತಿದ್ದೂ ಸಮಯ ಸಾಲಲಿಲ್ಲವಾ, ಪ್ರಶ್ನೆಯನ್ನೇ ತಪ್ಪಾಗಿ ಓದಿದಿರಾ? ಮೂರಕ್ಕೂ ಔಷಧಿ ಬೇರೆ. ಆಮೇಲೆ ಸಲಹೆಗಾರರ ಜೊತೆ ಕೂತು ಮುಂದಿನ ಸೆಮಿಸ್ಟರ್‌ನ ಹೊರೆ ಹಗುರ ಮಾಡಿಕೊಳ್ಳಿ. ಬ್ಯಾಕ್‌ಲಾಗ್ ಜೊತೆಗೆ ಎಲ್ಲ ಕಷ್ಟದ ವಿಷಯಗಳನ್ನೂ ಹೇರಿಕೊಂಡರೆ ಇನ್ನೊಂದು ಬ್ಯಾಕ್‌ಲಾಗ್ ಆಗುವ ಸಾಧ್ಯತೆ ಜಾಸ್ತಿ.

ನಾವು ಅಪ್ಪ ಅಮ್ಮ. ನಾವೇನು ಮಾಡಬಹುದು?

‘ಮಾರ್ಕ್ಸ್ ಎಷ್ಟು ಬಂತು?’ ಅಂತ ಕೇಳುವ ಮೊದಲು ‘ಯಾರ ಜೊತೆ ಊಟ ಮಾಡಿದೆ?’ ಅಂತ ಕೇಳಿ. ನೆರವು ಕೇಂದ್ರಕ್ಕೆ ಹೋಗುತ್ತೇನೆ ಅಂದರೆ ‘ಅಷ್ಟೂ ಗೊತ್ತಾಗಲ್ವಾ ನಿನಗೆ?’ ಅನ್ನಬೇಡಿ. ಆ ಒಂದು ಮಾತಿಗೆ ಮಕ್ಕಳು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಮಗ ಅಥವಾ ಮಗಳ ಬದಲು ನೀವೇ ಕಾಲೇಜಿಗೆ ಫೋನ್ ಮಾಡುವುದನ್ನೂ ಆದಷ್ಟು ಕಡಿಮೆ ಮಾಡಿ. ಕೇಳುವುದನ್ನು ಅವರು ಕಲಿಯಬೇಕು.

ಜೊತೆಯಲ್ಲಿದ್ದವಳು ಕ್ಲಾಸಿಗೆ ಬರುವುದನ್ನೇ ಬಿಟ್ಟಿದ್ದಾಳೆ. ಏನು ಮಾಡಲಿ?

‘ಏಕೆ ಬರುತ್ತಿಲ್ಲ?’ ಅಂತ ಕೇಳಿದರೆ ವಿಚಾರಣೆಯಂತೆ ಕೇಳಿಸುತ್ತದೆ. ‘ನೀನು ಕಾಣಿಸಲಿಲ್ಲ, ನೆನಪಾಯಿತು’ ಅಂತ ಮೆಸೇಜ್ ಹಾಕಿ. ಸಿಕ್ಕರೆ ಮಾತಾಡಲು ಬಿಡಿ, ನಡುವೆ ಬುದ್ಧಿ ಹೇಳಬೇಡಿ. ಆಮೇಲೆ ‘ಕೌನ್ಸೆಲರ್ ಹತ್ತಿರ ಹೋಗು’ ಅನ್ನುವ ಬದಲು ‘ನಾನೂ ಬರುತ್ತೇನೆ, ಹೊರಗೆ ಕೂತಿರುತ್ತೇನೆ’ ಅನ್ನಿ. ಉತ್ತರವೇ ಬರದಿದ್ದರೆ ಒಬ್ಬ ಅಧ್ಯಾಪಕರಿಗೆ ತಿಳಿಸಿ. ಅದು ಚಾಡಿ ಅಲ್ಲ.

ನಮ್ಮ ಕಾಲೇಜಿನಲ್ಲಿ ಇಂಥದ್ದೇನೂ ಇಲ್ಲ. ಆಗ?

ಚಿಕ್ಕದಾಗಿ ನೀವೇ ಶುರು ಮಾಡಿ. ಜಾಸ್ತಿ ಜನ ಫೇಲಾಗುವ ಒಂದು ವಿಷಯ ಆರಿಸಿ. ನಾಲ್ಕೈದು ಜನ ಸೇರಿ. ವಾರಕ್ಕೆ ಎರಡು ಸಲ, ಒಂದೇ ಜಾಗ, ಒಂದೇ ಸಮಯ. ಪ್ರತಿಯೊಬ್ಬರೂ ಲೆಕ್ಕಗಳನ್ನು ಮೊದಲು ಒಬ್ಬರೇ ಪ್ರಯತ್ನಿಸಿ ಬರಲಿ, ಇಲ್ಲದಿದ್ದರೆ ಒಬ್ಬರು ಬಿಡಿಸುತ್ತಾರೆ, ಉಳಿದವರು ನಕಲು ಮಾಡುತ್ತಾರೆ. ಕೂತಾಗ ಒಬ್ಬರು ವಿವರಿಸಲಿ, ಉಳಿದವರು ‘ಏಕೆ?’ ಅಂತ ಕೇಳಲಿ. ಆ ವಿಷಯ ಪಾಸಾದ ಒಬ್ಬ ಸೀನಿಯರ್‌ನನ್ನು ಆಗೊಮ್ಮೆ ಈಗೊಮ್ಮೆ ಕರೆಯಿರಿ. ಒಂದು ಸೆಮಿಸ್ಟರ್ ನಡೆದ ಮೇಲೆ ಪ್ರಾಂಶುಪಾಲರ ಹತ್ತಿರ ಹೋಗಿ, ಎಷ್ಟು ಜನ ಬಂದರು, ಏನಾಯಿತು ಅಂತ ಒಂದು ಪುಟ ಬರೆದುಕೊಟ್ಟು, ಒಂದು ಕೋಣೆ ಮತ್ತು ಒಬ್ಬ ಹೊಣೆಗಾರ ಅಧ್ಯಾಪಕರನ್ನು ಕೇಳಿ. ಮುಂದಿನ ವರ್ಷ ಬರುವ ಹೊಸಬರ ಪಟ್ಟಿ ಸಿಕ್ಕಿದರೆ ಮೊದಲ ವಾರದಲ್ಲೇ ಅವರನ್ನೂ ಕರೆಯಿರಿ.